ಜಠರದ ಲೋಳೆಗೆ ಎರಡು ಪ್ರತಿಕಾಯಗಳು: ಹಂದಿ, ಇಲಿ, ಕೋಳಿ, ಮೀನು

ಜಠರದ ಒಳಗೋಡೆಯ ಲೋಳೆ ಕಣ್ಣಿಗೆ ಒಂದೇ ಪದಾರ್ಥದಂತೆ ಕಂಡರೂ, ಸ್ತನಿಗಳಲ್ಲಿ ಮೇಲ್ಪದರದ ಕೋಶಗಳು ಮುಖ್ಯವಾಗಿ ಎಂಯುಸಿ5ಎಸಿ ಎಂಬ ಮ್ಯೂಸಿನ್ನನ್ನೂ (ಲೋಳೆಯ ಸಕ್ಕರೆ ಹೊತ್ತ ಪ್ರೋಟೀನ್) ಗ್ರಂಥಿಗಳ ಲೋಳೆಕೋಶಗಳು ಎಂಯುಸಿ6 ಅನ್ನೂ ಸ್ರವಿಸುತ್ತವೆ. ಹಂದಿ, ಇಲಿ, ಕೋಳಿ ಮತ್ತು ಜಿಲೇಬಿ ಮೀನಿನ ಜಠರದ ಛೇದಗಳ (ತೆಳುವಾಗಿ ಕತ್ತರಿಸಿದ ಅಂಗಾಂಶದ ಹಾಳೆಗಳ) ಮೇಲೆ ನಾನು 45ಎಂ1 ಮತ್ತು ಎಚ್‌ಐಕೆ1083 ಎಂಬ ಎರಡು ಪ್ರತಿಕಾಯಗಳನ್ನು (ನಿರ್ದಿಷ್ಟ ಅಣುವಿಗೆ ಅಂಟುವ ಪ್ರೋಟೀನುಗಳು; ಅಂಟಿದಲ್ಲಿ ಕಂದು ಬಣ್ಣ ಮೂಡಿಸುತ್ತೇವೆ) ಅಕ್ಕಪಕ್ಕದಲ್ಲಿಟ್ಟು ನೋಡಿದೆ. (ಕಾಟ್ಲಾ, ರೋಹು ಸುಲಭವಾಗಿ ಸಿಕ್ಕರೂ ಈ ಕೆಲಸಕ್ಕೆ ಬರುವುದಿಲ್ಲ, ಗೆಂಡೆ ಕುಲದ ಈ ಮೀನುಗಳಿಗೆ ಜಠರವೇ ಇಲ್ಲ.)

45ಎಂ1 ಗುರುತಿಸುವುದು ಎಂಯುಸಿ5ಎಸಿಯ ಪ್ರೋಟೀನ್ ಭಾಗವನ್ನು. ಹಂದಿ ಮತ್ತು ಇಲಿಯಲ್ಲಿ ಮೇಲ್ಪದರವಷ್ಟೇ ಗೆರೆ ಎಳೆದಂತೆ ಕಂದು ಬಣ್ಣಕ್ಕೆ ತಿರುಗಿತು. ಜಿಲೇಬಿ ಮೀನಿನಲ್ಲಿ ನಂಬುವಂಥ ಬಣ್ಣ ಬರಲಿಲ್ಲ. ಆದರೆ ಅದೇ ಛೇದದ ಪಕ್ಕದ ಸ್ಲೈಡಿನಲ್ಲಿ, ಲೋಳೆಯ ಸಕ್ಕರೆಗೆ ಹಿಡಿಯುವ ಪಿಎಎಸ್ ಬಣ್ಣ ಕೆನ್ನೇರಳೆಯಾಗಿ ಹಿಡಿದಿದ್ದರಿಂದ ಲೋಳೆ ಇತ್ತೆಂಬುದು ಖಚಿತ. ಪ್ರತಿಕಾಯ ಹುಡುಕುವ ಅಮೈನೋ ಆಮ್ಲಗಳ ಸರಣಿ ಆ ಪ್ರಾಣಿಯಲ್ಲಿ ಬದಲಾಗಿದ್ದರೂ ಸ್ಲೈಡು ಖಾಲಿಯಾಗಿಯೇ ಕಾಣುತ್ತದೆ.

ಎಚ್‌ಐಕೆ1083 ಹಿಡಿಯುವುದು ಗ್ರಂಥಿಲೋಳೆಯ ಸಕ್ಕರೆ ಸರಪಳಿಯ ತುದಿಯಲ್ಲಿರುವ ಆಲ್ಫಾ ಜೋಡಣೆಯ ಎನ್-ಅಸಿಟೈಲ್ ಗ್ಲುಕೋಸಮೈನನ್ನು. ಪ್ರೋಟೀನ್ ಎಷ್ಟೇ ಬದಲಾದರೂ ಈ ತುದಿ ಉಳಿದಿದ್ದರೆ ಸಾಕು ಎಂಬುದು ಇದರ ಹೆಚ್ಚುಗಾರಿಕೆ. ಜಿಎಸ್‌ಎ-2 ಲೆಕ್ಟಿನ್ (ಸಕ್ಕರೆಗೆ ಅಂಟುವ ಪ್ರೋಟೀನ್) ಅಗ್ಗವಾದರೂ ಆಲ್ಫಾ, ಬೀಟಾ ಎರಡೂ ಜೋಡಣೆಗಳಿಗೆ ಅಂಟುವುದರಿಂದ ನಾನದನ್ನು ಬದಿಗಿಟ್ಟೆ. ಎಚ್‌ಐಕೆ1083 ಕೂಡ ಜಠರಕ್ಕಷ್ಟೇ ಮೀಸಲಲ್ಲ. ಡ್ಯುಓಡಿನಮ್ಮಿನ (ಸಣ್ಣ ಕರುಳಿನ ಮೊದಲ ಭಾಗದ) ಬ್ರೂನರ್ ಗ್ರಂಥಿಗಳೂ ಇದಕ್ಕೆ ಸ್ಪಂದಿಸುತ್ತವೆ, ಹಾಗಾಗಿ ಛೇದ ಕತ್ತರಿಸಿದ ಜಾಗವನ್ನು ಬರೆದಿಡದಿದ್ದರೆ ಎಡವಟ್ಟು ತಪ್ಪದು.

ನನ್ನ ಮೊದಲ ಎಡವಟ್ಟು ಬೇರೆಯದು. ಎಚ್‌ಐಕೆ1083 ಐಜಿಎಂ ವರ್ಗದ ಪ್ರತಿಕಾಯವೆಂಬುದನ್ನು ಮರೆತು, ಬೇರೆ ವರ್ಗವಾದ ಐಜಿಜಿಯ ಗಾಮಾ ಸರಪಳಿಯನ್ನಷ್ಟೇ ಗುರುತಿಸುವ ದ್ವಿತೀಯ ಪ್ರತಿಕಾಯ (ಮೊದಲ ಪ್ರತಿಕಾಯಕ್ಕೆ ಅಂಟಿ ಬಣ್ಣ ತರುವುದು) ಹಾಕಿದ್ದೆ. ಚೆನ್ನಾಗಿ ಬರಲೇಬೇಕಿದ್ದ ಹಂದಿಯ ಸ್ಲೈಡೂ ಬೆಳ್ಳಗೆ ಕುಳಿತಿತ್ತು. ಎರಡನೆಯದು ಕೋಳಿಯಲ್ಲಿ: ಗ್ರಂಥಿಜಠರದ (ಕೋಳಿಯ ಜಠರದ ಮುಂಭಾಗ) ಮಡಿಕೆಗಳ ನಡುವೆ ಸಾಲಾಗಿ ಕಂದು ಚುಕ್ಕೆಗಳು ಕಂಡು ಹಿಗ್ಗಿದೆ. 40 ಪಟ್ಟಿನ ಮಸೂರದಲ್ಲಿ ನೋಡಿದರೆ ಅವೆಲ್ಲ ಅಂಡಾಕಾರದ, ನಡುವೆ ಕೋಶಕೇಂದ್ರವಿರುವ ಕೆಂಪು ರಕ್ತಕಣಗಳು. ಪ್ರಾಥಮಿಕ ಪ್ರತಿಕಾಯ ಹಾಕದ ನಿಯಂತ್ರಣ ಸ್ಲೈಡಿನಲ್ಲೂ ಅಷ್ಟೇ ಕಂದಾಗಿದ್ದವು. ರಕ್ತಕಣಗಳು ತಾವಾಗಿಯೇ ಕಂದಾಗದಂತೆ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ನೆನೆಸುವ ಹಂತವನ್ನು ನಾನು ಅವಸರದಲ್ಲಿ ಮೊಟಕುಗೊಳಿಸಿದ್ದೆ.

ಒಂದನ್ನೇ ಕೊಳ್ಳುವಷ್ಟು ಹಣವಿದ್ದರೆ, ದೂರದ ಪ್ರಾಣಿಗಳ ಹೋಲಿಕೆಗೆ ನಾನು ಎಚ್‌ಐಕೆ1083 ಅನ್ನೇ ಆರಿಸುತ್ತೇನೆ. ಸ್ತನಿಗಳ ಮೇಲ್ಪದರವಷ್ಟೇ ಸಾಕೆನ್ನುವವರಿಗೆ 45ಎಂ1 ಮೇಲು. ಯಾವುದಾದರೂ ಸರಿ, ಪಕ್ಕದಲ್ಲಿ ಪಿಎಎಸ್ ಸ್ಲೈಡು ಇಲ್ಲದ ಖಾಲಿ ಸ್ಲೈಡಿಗೆ ನಾನೀಗ ‘ಇಲ್ಲ’ ಎಂದು ಬರೆಯುವುದಿಲ್ಲ, ‘ಕಾಣಲಿಲ್ಲ’ ಎಂದಷ್ಟೇ ಬರೆಯುತ್ತೇನೆ.