ಜಪಾನಿನಲ್ಲೊಂದು ವಾರ, ಕೆನಡಾದಲ್ಲೊಂದು ಬೇಸಿಗೆ, ಜರ್ಮನಿಯಲ್ಲೊಂದು ಸೆಮಿಸ್ಟರ್

ಎಂಜಿನಿಯರಿಂಗ್ ಓದುತ್ತಿರುವಾಗಲೇ ಹೊರದೇಶದಲ್ಲಿ ಕಲಿತುಬರಲು ಇರುವ ದಾರಿಗಳು ಮುಖ್ಯವಾಗಿ ಮೂರು ಬಗೆಯವು: ವಾರದ ಮಟ್ಟಿನ ಆಹ್ವಾನಿತ ಭೇಟಿ, ರಜೆಯ ಕಾಲದ ಸಂಶೋಧನಾ ಇಂಟರ್ನ್‌ಶಿಪ್ ಮತ್ತು ಪೂರ್ತಿ ಒಂದು ಸೆಮಿಸ್ಟರಿನ ವಿನಿಮಯ. ವಿರಾಜಪೇಟೆ ಕಡೆಯ ಕಾಫಿ ಬೆಳೆಗಾರರ ಮನೆಯಿಂದ ಬಂದು ಮೈಸೂರಿನಲ್ಲಿ ಸಿವಿಲ್ ಓದಿದ ನನಗೆ ಈ ಮೂರೂ ಒಂದಾದ ಮೇಲೊಂದರಂತೆ ದೊರೆತವು. ಊರಿಗೆ ಬಂದಾಗ ತಂದೆತಾಯಂದಿರು ಕೇಳುವುದು ಯಾವ ದೇಶ ಒಳ್ಳೆಯದು ಎಂದು. ನನ್ನ ಅಭಿಪ್ರಾಯದಲ್ಲಿ ದೇಶದ ಹೆಸರಿಗಿಂತ ಮೊದಲು ವಿಚಾರಿಸಬೇಕಾದದ್ದು ಹಣ ಯಾವ ತಿಂಗಳಲ್ಲಿ ಬೇಕಾಗುತ್ತದೆ ಮತ್ತು ಅಲ್ಲಿ ಕಲಿತದ್ದು ಇಲ್ಲಿನ ಅಂಕಪಟ್ಟಿಗೆ ಸೇರುತ್ತದೆಯೇ ಎಂಬ ಎರಡು ಸಂಗತಿಗಳನ್ನು.

ಜಪಾನಿನ ಸಕುರಾ ಸೈನ್ಸ್ ಕಾರ್ಯಕ್ರಮದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2014ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ವಿದ್ಯಾರ್ಥಿ ನೇರವಾಗಿ ಅರ್ಜಿ ಹಾಕುವಂತಿಲ್ಲ. ಜಪಾನಿನ ಸಂಸ್ಥೆಯೊಂದು ಇಲ್ಲಿನ ಕಾಲೇಜಿನಿಂದ ಒಂದು ತಂಡವನ್ನು ಕರೆಸಿಕೊಳ್ಳುತ್ತದೆ, ಪ್ರಯಾಣ ಮತ್ತು ವಸತಿಯ ವೆಚ್ಚವನ್ನು ಯೋಜನೆಯೇ ಭರಿಸುತ್ತದೆ. ಭೂಕುಸಿತ ತಡೆಯಲು ಗುಡ್ಡದ ಒಡಲಲ್ಲಿ ಬಾವಿ ತೋಡಿ, ಅಂತರ್ಜಲವನ್ನು ಅದಕ್ಕೆ ಇಳಿಸಿ, ಕೊಳವೆಗಳ ಮೂಲಕ ಹೊರಗೆ ಹರಿಸುವ ವ್ಯವಸ್ಥೆಯನ್ನು ಅಲ್ಲಿ ವಿವರವಾಗಿ ತೋರಿಸಿದರು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಗುಡ್ಡಗಳು ಜಾರಿದ್ದನ್ನು ಬಲ್ಲ ಕೊಡಗಿನವರಿಗೆ ಅದು ಬರೀ ಪ್ರವಾಸವಾಗಿ ಉಳಿಯುವುದಿಲ್ಲ. ಆದರೆ ಅಂಕಪಟ್ಟಿಗೆ ಸೇರುವ ಕ್ರೆಡಿಟ್ ಇಲ್ಲ, ಕೈಯಿಂದ ಮಾಡಿದ ಕೆಲಸವೂ ಇಲ್ಲ. ಕಾಲೇಜು ಹೆಸರು ಸೂಚಿಸಿದರೆ ಹೋಗಿಬರಬೇಕು, ಅದರ ಹಿಂದೆ ಓಡಬೇಕಾಗಿಲ್ಲ.

ನಿಜವಾದ ಪೈಪೋಟಿ ಇರುವುದು ಉಳಿದೆರಡರ ನಡುವೆ. ಕೆನಡಾದ ಮಿಟಾಕ್ಸ್ ಗ್ಲೋಬಲಿಂಕ್ 12 ವಾರಗಳ ಸಂಶೋಧನಾ ಇಂಟರ್ನ್‌ಶಿಪ್. ಪ್ರಾಧ್ಯಾಪಕರು ಪ್ರಕಟಿಸಿದ ಯೋಜನೆಗಳಿಂದ ನಮಗೆ ಬೇಕಾದವನ್ನು ಆರಿಸಿ, ಹಿಂದಿನ ವರ್ಷವೇ ಅರ್ಜಿ ಸಲ್ಲಿಸಬೇಕು. ನನಗೆ ಎಡ್ಮಂಟನ್‌ನಲ್ಲಿ ಮಣ್ಣಿನ ಬಲದ ಪರೀಕ್ಷೆಗೆ ಸಂಬಂಧಿಸಿದ ಕೆಲಸ ಸಿಕ್ಕಿತು. ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ, ಮಣ್ಣಿನ ಮಾದರಿಯನ್ನು ಸುತ್ತಲಿಂದಲೂ ಮೇಲಿನಿಂದಲೂ ಒತ್ತಿ ಬಲ ಅಳೆಯುವ ಟ್ರೈಆಕ್ಸಿಯಲ್ ಪರೀಕ್ಷೆಯೆಂದರೆ ಒಂದು ಮಧ್ಯಾಹ್ನದಲ್ಲಿ ಮುಗಿದು, ರೆಕಾರ್ಡ್ ಪುಸ್ತಕಕ್ಕೆ ಸಹಿ ಬೀಳುವ ವಿಷಯವಾಗಿತ್ತು. ಅಲ್ಲಿ ಅದೇ ಪರೀಕ್ಷೆಗೆ ಜೇಡಿಮಣ್ಣಿನ ಮಾದರಿಯ ರಂಧ್ರಗಳಲ್ಲಿ ನೀರು ಪೂರ್ತಿ ತುಂಬುವವರೆಗೆ ಕಾಯಬೇಕು, ಒತ್ತಡದಲ್ಲಿ ಅದು ಕುಗ್ಗಿ ನಿಲ್ಲುವವರೆಗೆ ಮತ್ತೆ ಕಾಯಬೇಕು, ಆಮೇಲೆ ನೀರು ಹೊರಹರಿಯಲು ಸಮಯ ಸಿಗುವಷ್ಟು ನಿಧಾನವಾಗಿ ಮೇಲಿನಿಂದ ಹೊರೆ ಹೇರಬೇಕು. ಒಂದೇ ಮಾದರಿ ಹಲವು ದಿನಗಳನ್ನು ನುಂಗುತ್ತದೆ. ಮಳೆಗಾಲದಲ್ಲಿ ಗುಡ್ಡದೊಳಗಿನ ನೀರಿನ ಒತ್ತಡ ಏರಿದಾಗ ಮಣ್ಣು ಏಕೆ ಬಲ ಕಳೆದುಕೊಳ್ಳುತ್ತದೆ ಎಂಬುದು ಸೂತ್ರವಾಗಿ ಗೊತ್ತಿದ್ದರೂ ಮನಸ್ಸಿಗೆ ನಾಟಿದ್ದು ಆ ಯಂತ್ರದ ಮುಂದೆ. ಜೂನ್ ತಿಂಗಳಲ್ಲಿ ರಾತ್ರಿ ಹತ್ತು ಗಂಟೆಯವರೆಗೂ ಬೆಳಕಿರುವ ಊರಾದ್ದರಿಂದ ಕೆಲಸಕ್ಕೆ ಹೊತ್ತಿನ ಮಿತಿಯೂ ತಿಳಿಯುತ್ತಿರಲಿಲ್ಲ.

ಜರ್ಮನಿಯ ಸೆಮಿಸ್ಟರಿನ ಸ್ವರೂಪವೇ ಬೇರೆ. ಕಾಲೇಜುಗಳ ನಡುವಿನ ಒಪ್ಪಂದದ ಮೇಲೆ ಹೋದದ್ದರಿಂದ ಬೋಧನಾ ಶುಲ್ಕವಿರಲಿಲ್ಲ. ನಮ್ಮಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ನಿಯಮದಂತೆ 85 ಶೇಕಡಾ ಹಾಜರಾತಿ ಬೇಕು, ಆಂತರಿಕ ಮೌಲ್ಯಮಾಪನಕ್ಕೆ 50 ಅಂಕ. ಅಲ್ಲಿ ನಾನು ತೆಗೆದುಕೊಂಡ ಹೆಚ್ಚಿನ ವಿಷಯಗಳಲ್ಲಿ ಹಾಜರಿ ಕೂಗುವವರಿಲ್ಲ, ಇಂಟರ್ನಲ್ಸ್ ಇಲ್ಲ, ಕೊನೆಯ ಒಂದೇ ಪರೀಕ್ಷೆಯಲ್ಲಿ ಇಡೀ ಫಲಿತಾಂಶ. ಅದಕ್ಕೂ ಮೊದಲೇ ಹೆಸರು ನೋಂದಾಯಿಸದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಯುರೋಪಿನ ಲೆಕ್ಕದಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆಗಳ ದುಡಿಮೆ. ಇದನ್ನು ಇಲ್ಲಿನ ವಿಷಯಗಳಿಗೆ ಹೊಂದಿಸಿ, ವಿಭಾಗದ ಮುಖ್ಯಸ್ಥರಿಂದ ಲಿಖಿತ ಒಪ್ಪಿಗೆ ಪಡೆದ ಮೇಲೆಯೇ ವಿಮಾನ ಹತ್ತಬೇಕು. ಅಂದ ಹಾಗೆ ಅಲ್ಲಿ 1.0 ಅತ್ಯುತ್ತಮ ಶ್ರೇಣಿ, 4.0 ದಾಟಿದರೆ ಅನುತ್ತೀರ್ಣ. ನನಗೆ 1.7 ಬಂದಿದೆ ಎಂದು ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಹಣದ ವಿಷಯದಲ್ಲಿ ಎರಡಕ್ಕೂ ಅಜಗಜಾಂತರ. ಕೆನಡಾದ ಬೇಸಿಗೆಗೆ ಕಾರ್ಯಕ್ರಮವೇ ನೆರವು ಕೊಟ್ಟಿತು. ಜರ್ಮನಿಗೆ ವಿದ್ಯಾರ್ಥಿವೇತನ ಇಲ್ಲದೆ ಹೋಗುವವರು ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟ್, ಅಂದರೆ ಮೊದಲೇ ಹಣವಿಟ್ಟು ತಿಂಗಳಿಗಿಷ್ಟೆಂದು ಮಾತ್ರ ತೆಗೆಯಬಹುದಾದ ಖಾತೆ, ತೆರೆಯಬೇಕು. 2024ರ ಸೆಪ್ಟೆಂಬರಿನಿಂದ ಅದರ ದರ ತಿಂಗಳಿಗೆ 992 ಯೂರೋ, ಆರು ತಿಂಗಳಿಗೆ 5,952 ಯೂರೋ. ಯೂರೋ ನೂರು ರೂಪಾಯಿಯ ಆಸುಪಾಸಿನಲ್ಲಿದ್ದರೆ ಇದು ಆರು ಲಕ್ಷದಷ್ಟಾಗುತ್ತದೆ. ಇದು ಶುಲ್ಕವಲ್ಲ, ತಿಂಗಳು ತಿಂಗಳು ನಮ್ಮ ಖರ್ಚಿಗೇ ಮರಳಿ ಬರುವ ಹಣ. ಆದರೂ ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿನಲ್ಲಿ ಶುರುವಾಗುವುದರಿಂದ ಅಷ್ಟೂ ಮೊತ್ತವನ್ನು ಜುಲೈ, ಆಗಸ್ಟಿನಲ್ಲೇ ಒಟ್ಟಿಗೆ ಹೊಂದಿಸಬೇಕು. ಕಾಫಿ ಕೊಯ್ಲು ಮುಗಿದು ಮಾರಾಟದ ಹಣ ಕೈಸೇರುವುದು ಬೇಸಿಗೆಯಲ್ಲಿ. ಮಳೆಗಾಲದ ಹೊತ್ತಿಗೆ ಅದು ಗೊಬ್ಬರಕ್ಕೂ ಆಳುಗಳ ಕೂಲಿಗೂ ಕರಗಿರುತ್ತದೆ. ಸಾಲ ಕೇಳಹೋದರೆ ಬ್ಯಾಂಕಿನವರಿಗೆ ಆದಾಯ ತೆರಿಗೆಯ ರಿಟರ್ನ್ ಬೇಕು, ಕೃಷಿ ಆದಾಯಕ್ಕೆ ತೆರಿಗೆಯಿಲ್ಲದ್ದರಿಂದ ಅನೇಕರ ಮನೆಯಲ್ಲಿ ಅದೇ ಇರುವುದಿಲ್ಲ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಪಹಣಿ ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರಿನಲ್ಲೇ ಉಳಿದಿದ್ದರೆ ಅಡಮಾನದ ಮಾತೂ ಸುಲಭವಲ್ಲ. ನನ್ನ ಅರ್ಜಿಯನ್ನು ಒಂದು ಬ್ಯಾಂಕು ವಾರಗಟ್ಟಲೆ ಇಟ್ಟುಕೊಂಡು ಕೊನೆಗೆ ಹಿಂದಿರುಗಿಸಿತು. ನೆರವಾದದ್ದು ಚಿಕ್ಕಪ್ಪನ ಉಳಿತಾಯ. ಆದ್ದರಿಂದ ಜರ್ಮನಿಯ ಯೋಚನೆಯಿರುವವರು ಕಾಫಿ ಮಾರಿದ ತಿಂಗಳಲ್ಲೇ ಆ ಮೊತ್ತವನ್ನು ಬೇರೆಯಾಗಿ ತೆಗೆದಿಡುವುದು ಒಳ್ಳೆಯದು.

ಇನ್ನೊಂದು ವೆಚ್ಚ ಲೆಕ್ಕಕ್ಕೆ ಸಿಗದು. ಅಲ್ಲಿನ ಚಳಿಗಾಲದ ಪಾಠಗಳು ಫೆಬ್ರವರಿಯವರೆಗೆ ನಡೆಯುತ್ತವೆ, ಇಲ್ಲಿ ಕ್ಯಾಂಪಸ್ ಸಂದರ್ಶನಗಳು ಬಹುಪಾಲು ಏಳನೆಯ ಸೆಮಿಸ್ಟರಿನಲ್ಲೇ ಮುಗಿಯುತ್ತವೆ. ನಾನು ಏಳನೆಯದರಲ್ಲಿ ಹೋದದ್ದರಿಂದ ಅವೆಲ್ಲ ಕೈತಪ್ಪಿದವು. ಎಂ.ಎಸ್. ಮಾಡುವ ನಿರ್ಧಾರ ಆಗಿದ್ದರಿಂದ ನನಗೆ ಅದು ನಷ್ಟವೆನಿಸಲಿಲ್ಲ, ಆದರೆ ಓದು ಮುಗಿದ ಕೂಡಲೇ ಸಂಬಳ ಬೇಕಾದ ಮನೆಯ ಮಕ್ಕಳಿಗೆ ಇದು ಸಣ್ಣ ಮಾತಲ್ಲ. ಅಂಥವರಿಗೆ ಆರನೆಯ ಸೆಮಿಸ್ಟರ್ ಮುಗಿಸಿ ಹೋಗುವ ಕೆನಡಾದ ಬೇಸಿಗೆಯನ್ನೇ ನಾನು ಸೂಚಿಸುತ್ತೇನೆ: ಸಂದರ್ಶನಗಳು ಬಿರುಸಾಗುವ ಮೊದಲೇ ಹಿಂತಿರುಗಬಹುದು, ನಮ್ಮ ಕಾಲೇಜು ಅದನ್ನು ಕಡ್ಡಾಯ ಇಂಟರ್ನ್‌ಶಿಪ್ ಎಂದು ಒಪ್ಪಿಕೊಂಡಿತು ಕೂಡ. ಜರ್ಮನಿಯಲ್ಲೇ ಮುಂದೆ ಓದಬೇಕೆಂದು ನಿಶ್ಚಯಿಸಿದವರಿಗೆ ಮಾತ್ರ ಆ ಸೆಮಿಸ್ಟರಿಗೆ ಸರಿಸಾಟಿಯಿಲ್ಲ, ಏಕೆಂದರೆ ಅಲ್ಲಿನ ಪರೀಕ್ಷೆಯಲ್ಲಿ ಗಳಿಸಿದ ಶ್ರೇಣಿಯನ್ನು ಅಲ್ಲಿನ ಪ್ರವೇಶ ಸಮಿತಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.