ಹಂದಿಗಳ ಜಂತುಹುಳು: ಚುಚ್ಚುಮದ್ದು ಲಾಭವೋ, ಆಹಾರದಲ್ಲಿ ಬೆರೆಸುವ ಔಷಧ ಲಾಭವೋ?

ಜಂತುಹುಳುಗಳಿಂದ ಬೆಳೆದ ಹಂದಿ ಸಾಯುವುದು ಅಪರೂಪ; ಆದ್ದರಿಂದಲೇ ಅವುಗಳಿಂದಾಗುವ ನಷ್ಟ ಲೆಕ್ಕದ ಪುಸ್ತಕದಲ್ಲಿ ಕಾಣಿಸಿಕೊಳ್ಳುವುದೂ ಅಪರೂಪ. ಸಾಕಣೆಯ ವೆಚ್ಚದಲ್ಲಿ ಆಹಾರದ ಪಾಲು ಸಾಮಾನ್ಯವಾಗಿ ಶೇ. 60ರಿಂದ 70ರಷ್ಟಿರುವುದರಿಂದ, ಒಂದು ಕಿಲೋ ತೂಕ ಏರಲು ಬೇಕಾಗುವ ಆಹಾರ ತುಸು ಹೆಚ್ಚಿದರೂ ಲಾಭ ಕರಗುತ್ತದೆ. ಹೀಗಾಗಿ ಎರಡು ವಿಧಾನಗಳನ್ನು ಬೇರೆ ಬೇರೆ ಗುಂಪುಗಳಲ್ಲಿ ಬಳಸಿ ನೋಡಿದಾಗ ನಾನು ಔಷಧದ ಬೆಲೆಗಿಂತ ತಿಂದ ಆಹಾರ, ಏರಿದ ತೂಕ ಮತ್ತು ಕಸಾಯಿಖಾನೆಯಲ್ಲಿ ತಿರಸ್ಕೃತವಾದ ಯಕೃತ್ತುಗಳ ಲೆಕ್ಕವನ್ನೇ ಮುಖ್ಯವಾಗಿ ಇಟ್ಟುಕೊಂಡೆ.

ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ದೇಹತೂಕದ ಪ್ರತಿ ಕಿಲೋಗೆ 0.3 ಮಿಲಿಗ್ರಾಂನಂತೆ ಚರ್ಮದಡಿ ಕೊಡುತ್ತಾರೆ. ಪ್ರತಿ ಹಂದಿಗೂ ತನ್ನ ಪಾಲು ಖಚಿತವಾಗಿ ಸಿಗುವುದು ಇದರ ದೊಡ್ಡ ಗುಣ. ಜೊತೆಗೆ ಕಜ್ಜಿಯ ನುಸಿ ಮತ್ತು ಹೇನುಗಳೂ ಸಾಯುತ್ತವೆ. ಆದರೆ ದೊಡ್ಡ ಕರುಳಿನಲ್ಲಿ ನೆಲೆಸುವ ಚಾಟಿಹುಳುವಿನ ಮೇಲೆ ಇದರ ಪರಿಣಾಮ ನೆಚ್ಚುವಂಥದ್ದಲ್ಲ. ಬೆಳೆಯುವ ಹಂದಿಗಳನ್ನು ಒಂದೊಂದಾಗಿ ಹಿಡಿಯುವ ಶ್ರಮವೂ ಕಡಿಮೆಯಲ್ಲ.

ಫೆನ್‌ಬೆಂಡಜೋಲ್ ಅನ್ನು ದೇಹತೂಕದ ಪ್ರತಿ ಕಿಲೋಗೆ ಒಟ್ಟು 9 ಮಿಲಿಗ್ರಾಂ ಆಗುವಂತೆ ಕೆಲವು ದಿನಗಳಿಗೆ ಹಂಚಿ ಆಹಾರದಲ್ಲಿ ಬೆರೆಸಿದರೆ ಸಣ್ಣ ಕರುಳಿನ ದುಂಡುಹುಳು, ದೊಡ್ಡ ಕರುಳಿನ ಗೋಡೆಯಲ್ಲಿ ಗಂಟು ಎಬ್ಬಿಸುವ ಗಂಟುಹುಳುಗಳ ಜೊತೆಗೆ ಚಾಟಿಹುಳುವೂ ಹತೋಟಿಗೆ ಬರುತ್ತದೆ, ಹಿಡಿಯುವ ಗಲಾಟೆಯೂ ಇರುವುದಿಲ್ಲ. ತೊಂದರೆ ಇರುವುದು ತೊಟ್ಟಿಯ ಬಳಿ: ಬಲಿಷ್ಠ ಹಂದಿಗಳು ತಮ್ಮ ಪಾಲಿಗಿಂತ ಹೆಚ್ಚು ತಿನ್ನುತ್ತವೆ, ಹುಳುಗಳಿಂದ ಸೊರಗಿ ಔಷಧ ಅತ್ಯಗತ್ಯವಾಗಿರುವವು ಹಿಂದೆ ಉಳಿಯುತ್ತವೆ. ಎಲ್ಲ ಹಂದಿಗಳೂ ಒಟ್ಟಿಗೆ ಮೂತಿ ಇಡಲು ಜಾಗವಿದ್ದ ಗುಂಪಿನಲ್ಲಿ ತೂಕ ಸಮನಾಗಿ ಏರಿತು. ಇಕ್ಕಟ್ಟಿನ ತೊಟ್ಟಿಯ ಗುಂಪಿನಲ್ಲಿ ಏರುಪೇರು ಹಾಗೆಯೇ ಉಳಿಯಿತು. ಕಜ್ಜಿಗೆ ಈ ಔಷಧದಿಂದ ಏನೂ ಪ್ರಯೋಜನವಿಲ್ಲ.

ಎರಡೂ ವಿಧಾನಗಳು ಸೋಲುವುದು ನೆಲದ ಮುಂದೆ. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಲಕ್ಷಗಟ್ಟಲೆ ಮೊಟ್ಟೆಗಳನ್ನಿಡುತ್ತದೆ; ಅವು ದೊಡ್ಡಿಯ ನೆಲದಲ್ಲಿ ವರ್ಷಗಟ್ಟಲೆ ಬದುಕುತ್ತವೆ, ಸಾಮಾನ್ಯ ಸೋಂಕುನಾಶಕಗಳಿಗೂ ಜಗ್ಗುವುದಿಲ್ಲ. ಔಷಧದ ಪ್ರಭಾವ ಇಳಿದ ಮೇಲೆ ನುಂಗಿದ ಮೊಟ್ಟೆಗಳಿಂದ ಹೊರಬರುವ ಮರಿಹುಳುಗಳು ಯಕೃತ್ತಿನ ಮೂಲಕ ಹಾದು ಬಿಳಿ ಕಲೆಗಳನ್ನು ಉಳಿಸುತ್ತವೆ; ಕಸಾಯಿಖಾನೆಯಲ್ಲಿ ಯಕೃತ್ತು ತಿರಸ್ಕೃತವಾಗುವುದು ಈ ಕಲೆಗಳಿಂದ. ಹೊಸ ಸೋಂಕು ನಿಂತರೆ ಆ ಕಲೆಗಳು ಕೆಲವು ವಾರಗಳಲ್ಲಿ ಮಾಯುತ್ತವೆ. ಆದ್ದರಿಂದ ಮಾರಾಟದ ಮುನ್ನಾದಿನಗಳಲ್ಲಿ ಕೊಟ್ಟ ಔಷಧದಿಂದ ಯಕೃತ್ತು ಉಳಿಯುವುದಿಲ್ಲ, ಮಾಂಸದಲ್ಲಿ ಔಷಧದ ಅಂಶ ಉಳಿಯುವ ಚಿಂತೆಯಷ್ಟೇ ಹೆಚ್ಚುತ್ತದೆ. ಗುಂಪು ಖಾಲಿಯಾದಾಗ ದೊಡ್ಡಿಯ ಮಲವನ್ನು ಪೂರ್ತಿ ತೆಗೆದು, ಬಿಸಿ ಹಬೆಯಿಂದ ತೊಳೆದು ಒಣಗಿಸಿದ ಕಡೆ ಎರಡೂ ಔಷಧಗಳ ಫಲ ಹೆಚ್ಚು ಕಾಲ ನಿಂತಿತು. ಆ ಕೂಲಿಯ ಖರ್ಚನ್ನು ನಾನು ಔಷಧದ ಖರ್ಚಿನ ಭಾಗವೆಂದೇ ಬರೆಯುತ್ತೇನೆ.

ಒಂದನ್ನೇ ಆರಿಸಬೇಕೆಂದರೆ, ಬೆಳೆಯುವ ಹಂದಿಗಳಿಗೆ ನನ್ನ ಮತ ಫೆನ್‌ಬೆಂಡಜೋಲ್‌ಗೆ. ದುಂಡುಹುಳು ಹೊಟ್ಟೆ ಸೇರಿ ಮೊಟ್ಟೆಯಿಡಲು ಆರರಿಂದ ಎಂಟು ವಾರ ಬೇಕಾಗುವುದರಿಂದ, ಐದು ವಾರಗಳ ಅಂತರದಲ್ಲಿ ಅದನ್ನು ಮರುಕಳಿಸುವುದು ಸರಿ. ತಾಯಿಹಂದಿಗಳಿಗೆ ಮಾತ್ರ, ಕಜ್ಜಿ ಮರಿಗಳಿಗೆ ದಾಟದಂತೆ, ಹೆರಿಗೆಗೆ ಮುನ್ನ ಚುಚ್ಚುಮದ್ದೇ ಮೇಲು. ಮೈ ತೊಳೆದು ಹೆರಿಗೆಯ ಕೋಣೆಗೆ ಬಿಡಬೇಕು. ಫಲಿತಾಂಶ ಅಳೆಯಲು ಮಲದಲ್ಲಿನ ಮೊಟ್ಟೆಗಳ ಎಣಿಕೆಯೊಂದನ್ನೇ ನಂಬಲಾಗದು, ಏಕೆಂದರೆ ಮರಿಹುಳುಗಳು ಯಕೃತ್ತಿನಲ್ಲಿ ಸಂಚರಿಸುತ್ತಿರುವಾಗ ಮಲದಲ್ಲಿ ಒಂದು ಮೊಟ್ಟೆಯೂ ಸಿಗದಿರಬಹುದು. ಕಸಾಯಿಖಾನೆಯ ಯಕೃತ್ತು ತಪಾಸಣೆಯ ವರದಿಯನ್ನು ಪ್ರತಿ ಗುಂಪಿಗೂ ಕೇಳಿ ಪಡೆಯಬೇಕು.