ರಿಪ್ಲೈ ಯಾರಿಗೆ ಹೋಗಬೇಕು: ಜಿಮೇಲ್, ಔಟ್‌ಲುಕ್, ಥಂಡರ್‌ಬರ್ಡ್

ನಮ್ಮ ಅಪಾರ್ಟ್‌ಮೆಂಟ್ ಸಂಘದ ಮೇಲ್ ಕಳಿಸುವುದು ನನ್ನ ಪಾಲಿನ ಕೆಲಸ. ಮೇಂಟೆನೆನ್ಸ್ ಬಾಕಿ, ಟ್ಯಾಂಕ್ ತೊಳೆಯುವ ದಿನ, ಇಂಥವೇ. ಒಬ್ಬರು ರಿಪ್ಲೈ ಆಲ್ ಒತ್ತಿ 'ಓಕೆ' ಅನ್ನುತ್ತಾರೆ. ಇನ್ನೊಬ್ಬರು 'ನೋಟೆಡ್'. ಮತ್ತೊಬ್ಬರು 'ದಯವಿಟ್ಟು ಎಲ್ಲರಿಗೂ ಕಳಿಸಬೇಡಿ' ಅಂತ ಎಲ್ಲರಿಗೂ ಕಳಿಸುತ್ತಾರೆ! ಬಾಕಿಯ ಬಗ್ಗೆ ಬರುವ ಉತ್ತರ ಖಜಾಂಚಿಯವರಿಗೆ ಮಾತ್ರ ಹೋಗಬೇಕು, ನನಗೆ ಬೇಕಿದ್ದದ್ದು ಅಷ್ಟೇ. ಅದಕ್ಕೇ ಈ ಮೂರೂ ಮೇಲ್ ಆ್ಯಪ್‌ಗಳನ್ನು ಬಳಸಿ ನೋಡಿದೆ.

ಇದಕ್ಕಿರುವ ಸೌಲಭ್ಯ ರಿಪ್ಲೈ-ಟು. ಮೇಲ್ ಹೋಗುವುದು ಒಂದು ವಿಳಾಸದಿಂದ, ಉತ್ತರ ಬರುವುದು ಇನ್ನೊಂದಕ್ಕೆ. ಇಮೇಲ್ ಹೇಗಿರಬೇಕೆಂದು ಹೇಳುವ 1982ರ ನಿಯಮಪತ್ರ ಆರ್‌ಎಫ್‌ಸಿ 822ರಲ್ಲೇ ಇದು ಇದೆ, ಹೊಸದೇನಲ್ಲ.

ಜಿಮೇಲ್‌ನಲ್ಲಿ ಇದು ಸೆಟ್ಟಿಂಗ್ಸ್ ಒಳಗೆ, ಅಕೌಂಟ್ಸ್ ಪುಟದ 'ಸೆಂಡ್ ಮೇಲ್ ಆ್ಯಸ್' ಹತ್ತಿರ ಅಡಗಿ ಕೂತಿದೆ. ಒಮ್ಮೆ ಹಾಕಿದರೆ ಆ ವಿಳಾಸದಿಂದ ಹೋಗುವ ಎಲ್ಲ ಮೇಲ್‌ಗೂ ಅನ್ವಯ. ಇದೊಂದು ಮೇಲ್‌ಗೆ ಮಾತ್ರ ಸಾಕು ಅಂದರೆ ಆಗದು. ನನಗಂತೂ ಇದು ಒಗ್ಗಲಿಲ್ಲ. ಆದರೆ ಕಳಿಸಿದ ಮೇಲ್ ತಕ್ಷಣ ತಡೆಯುವ 'ಅನ್‌ಡು ಸೆಂಡ್' ಇದೆಯಲ್ಲ, ಅದನ್ನು 30 ಸೆಕೆಂಡಿಗೆ ಏರಿಸಿಟ್ಟುಕೊಳ್ಳಿ.

ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಮೇಲ್ ಬರೆಯುವಾಗಲೇ ಆಪ್ಷನ್ಸ್ ಟ್ಯಾಬ್‌ನಲ್ಲಿ 'ಡೈರೆಕ್ಟ್ ರಿಪ್ಲೈಸ್ ಟು' ಸಿಗುತ್ತದೆ. ಒತ್ತಿದರೆ ಡಬ್ಬಿಯೊಂದು ತೆರೆಯುತ್ತದೆ. ಅಲ್ಲಿ ನಿಮ್ಮ ಹೆಸರು ಅಳಿಸಿ ಖಜಾಂಚಿಯವರ ವಿಳಾಸ ಹಾಕಿ. ಆ ಮೇಲ್‌ಗಷ್ಟೇ ಸೀಮಿತ, ಚೆನ್ನಾಗಿದೆ.

ನನ್ನ ಓಟು ಥಂಡರ್‌ಬರ್ಡ್‌ಗೆ. ರಿಪ್ಲೈ-ಟು ಸಾಲನ್ನು ಟು, ಸಿಸಿ ಪಕ್ಕದಲ್ಲೇ ತೆರೆದುಕೊಳ್ಳಬಹುದು. ಇನ್ನೊಂದು ಒಳ್ಳೆ ಗುಣ: ಟು, ಸಿಸಿಯಲ್ಲಿ 15 ಅಥವಾ ಜಾಸ್ತಿ ವಿಳಾಸ ತುಂಬಿದರೆ, ಇವರೆಲ್ಲರಿಗೂ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುತ್ತದೆ ಅಂತ ಕೆಳಗೆ ಎಚ್ಚರಿಸುತ್ತದೆ. ಪಕ್ಕದಲ್ಲೇ ಬಿಸಿಸಿಗೆ, ಅಂದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಸಾಲಿಗೆ, ಬದಲಿಸುವ ಬಟನ್. ಒಂದೇ ಕ್ಲಿಕ್ಕು, ಎಲ್ಲರೂ ಬಿಸಿಸಿಗೆ.

ಇಷ್ಟೆಲ್ಲ ಮಾಡಿದರೂ ರಿಪ್ಲೈ-ಟು ಕಟ್ಟಿಹಾಕುವುದು ಬರೀ 'ರಿಪ್ಲೈ'ಯನ್ನು. ರಿಪ್ಲೈ ಆಲ್ ಒತ್ತಿದವರ ಉತ್ತರ ಖಜಾಂಚಿಯವರ ಜೊತೆಗೆ ಟು, ಸಿಸಿಯಲ್ಲಿರುವ ಎಲ್ಲರಿಗೂ ಹೋಗಿಯೇ ಹೋಗುತ್ತದೆ. ಹಾಗಾಗಿ ಅದೊಂದನ್ನೇ ನಂಬಿ ಕೂರುವುದು ವ್ಯರ್ಥ. ನಾನೀಗ ಟುನಲ್ಲಿ ಸಂಘದ ವಿಳಾಸ, ರಿಪ್ಲೈ-ಟುನಲ್ಲಿ ಖಜಾಂಚಿಯವರು, ಮನೆಯವರೆಲ್ಲ ಬಿಸಿಸಿಯಲ್ಲಿ ಇಡುತ್ತೇನೆ. ಆಗ ಯಾವ ಬಟನ್ ಒತ್ತಿದರೂ ಪಕ್ಕದ ಮನೆಯವರಿಗೆ ಹೋಗುವುದಿಲ್ಲ, ಅವರ ವಿಳಾಸವೇ ಅಲ್ಲಿ ಇರುವುದಿಲ್ಲ ಅಲ್ವಾ?

ಸಾಮಾನ್ಯ ಸಭೆಯ ದಿನ ಗೊತ್ತುಮಾಡುವಂಥ ಮೇಲ್‌ಗೆ ಮಾತ್ರ ಈ ಏರ್ಪಾಟು ಬೇಡ. ಅಲ್ಲಿ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕಾಣಬೇಕು. ಆಗ ಎಲ್ಲರನ್ನೂ ಟುನಲ್ಲೇ ಹಾಕಿ, 'ಓಕೆ'ಗಳನ್ನು ಸಹಿಸಿಕೊಳ್ಳುತ್ತೇನೆ.